ಬೆರಳಿಗೆ ಭಂಡಾರ ಹತ್ತಿತೇ?

ದೇವರಗುಡ್ಡದ ಮಾಲತೇಶನ ಜಾತ್ರೆಗೆ ಹೋಗಿ ಬಂದವರನ್ನು ಎಲ್ಲಿಗೆ ಹೋಗಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಹಣೆ, ಅಂಗಿ, ಕೈಚೀಲ ಎಲ್ಲವೂ ಭಂಡಾರಮಯವಾಗಿರುತ್ತವೆ, ಅಂದರೆ ದೇವರ ಅರಿಶಿನ ಪುಡಿಯಲ್ಲಿ ಮಿಂದಿರುತ್ತವೆ. ಗೋಧಿ ಹೊಲದಲ್ಲಿಯೂ ಕೆಲವು ವರ್ಷ ಅಂಥದ್ದೇ ಜಾತ್ರೆ ನಡೆಯುತ್ತದೆ. ಜನವರಿಯ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬಿಳಿ ಧೋತರ ಉಟ್ಟು ಈ ಬದುವಿನಿಂದ ಆ ಬದುವಿಗೆ ನಡೆದು ನೋಡಿ. ಮೊಣಕಾಲಿನ ಸುತ್ತ ಕೇಸರಿ ಪುಡಿ ಮೆತ್ತಿಕೊಂಡಿದ್ದರೆ ಜಾತ್ರೆ ಶುರುವಾಗಿದೆ ಎಂದೇ ಅರ್ಥ. ನಮ್ಮ ಹಿರಿಯರು ಇದನ್ನು ಭಂಡಾರ ರೋಗ ಎಂದರು. ಶಿಲೀಂಧ್ರದಿಂದ ಬರುವ ಈ ರೋಗವನ್ನು ಪುಸ್ತಕದವರು ಎಲೆ ತುಕ್ಕು ಎನ್ನುತ್ತಾರೆ. ಹಿರಿಯರ ಹೆಸರೇ ನನಗೆ ಇಷ್ಟ, ಏಕೆಂದರೆ ರೋಗವನ್ನು ಗುರುತಿಸುವ ವಿಧಾನವೂ ಆ ಹೆಸರಿನಲ್ಲಿಯೇ ಇದೆ.

ಇವತ್ತು ನಾನು ಮಾತನಾಡಬೇಕೆಂದಿರುವುದು ಈ ರೋಗದಿಂದ ಹೋಗುವ ಕಾಳಿನ ಬಗ್ಗೆ ಮಾತ್ರವಲ್ಲ, ಇದರ ಹೆಸರಿನಲ್ಲಿ ನಮ್ಮ ಜೇಬಿನಿಂದ ಹೋಗುವ ದುಡ್ಡಿನ ಬಗ್ಗೆ. ಗದಗ, ನರಗುಂದ, ನವಲಗುಂದದ ಎರೆಹೊಲಗಳಲ್ಲಿ ಗೋಧಿಯಿಂದ ಸಿಗುವ ಲಾಭವೇ ತೆಳು. ಅದರಲ್ಲಿ ಗೊಬ್ಬರದ ಅಂಗಡಿಯವನಿಗೆ ಒಂದು ಪಾಲು ಎತ್ತಿಟ್ಟರೆ ಮನೆಗೆ ಬರುವುದು ಹೊಟ್ಟು.

ನನ್ನದೇ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನೀರಾವರಿಯ ನನ್ನ ಎರಡು ಎಕರೆ ಗೋಧಿಯಲ್ಲಿ ಕೆಳಗಿನ ಮೂಲೆಯ ಎಲೆಗಳೆಲ್ಲ ಹಳದಿಯಾದವು. ಎದೆ ಝಲ್ಲೆಂದಿತು. ನಾಲ್ಕು ಎಲೆ ಕಿತ್ತುಕೊಂಡು ಅಂಗಡಿಗೆ ಓಡಿದೆ. ಅಂಗಡಿಯವನು ಎಲೆಯನ್ನು ನೋಡಿದನೋ ನನ್ನ ಮುಖವನ್ನು ನೋಡಿದನೋ, ಮೂರು ಬಾಟಲಿ ಎತ್ತಿ ಗಲ್ಲೆಯ ಮೇಲಿಟ್ಟ. ಒಂದು ರೋಗಕ್ಕೆ, ಒಂದು ಹುಳಕ್ಕೆ, ಇನ್ನೊಂದು 'ಬೆಳೆ ಹಸಿರಾಗಲು' ಟಾನಿಕ್. ಎರಡು ಸಾವಿರದ ಮೇಲೆ ಬಿಲ್ಲು. ಪಂಪ್ ಹೊತ್ತು ಹೊಲದಲ್ಲಿ ನಿಂತಿದ್ದಾಗ ನಮ್ಮ ಕಾಕಾ ಬಂದರು. ಒಂದು ಹಳದಿ ಎಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೇಲಿಂದ ಕೆಳಗೆ ಎಳೆದರು. ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದು, "ಏನು ಹತ್ತಿದೆ?" ಎಂದರು. ಏನೂ ಹತ್ತಿರಲಿಲ್ಲ. "ಭಂಡಾರ ಹತ್ತಿಲ್ಲ ಅಂದ ಮೇಲೆ ಎಣ್ಣೆ ಯಾವ ದೇವರಿಗೆ?" ಎಂದು ಕೇಳಿ, ಸಲಿಕೆ ತೆಗೆದುಕೊಂಡು ಮೂಲೆಯಲ್ಲಿ ಒಂದು ಕಾಲುವೆ ಕಡಿದರು. ನೀರು ನಿಂತು ಬೇರು ಉಸಿರುಗಟ್ಟಿತ್ತು, ಅಷ್ಟೆ. ನೀರು ಹರಿದುಹೋದ ಎರಡು ವಾರಕ್ಕೆ ಹೊಸ ಎಲೆ ಹಸಿರಾಗಿ ಬಂತು. ಬಾಟಲಿಗಳನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ.

ನಮ್ಮ ಕಡೆ ಔಷಧಕ್ಕೆ ಎಣ್ಣೆ ಎನ್ನುವುದು ಕೇಳುಗರಿಗೆಲ್ಲ ಗೊತ್ತು. ಎಲೆ ಹಳದಿಯಾದರೆ ಎಣ್ಣೆ, ಎಲೆ ಮುದುಡಿದರೆ ಎಣ್ಣೆ. ಆದರೆ ಗೋಧಿಯ ಎಲೆ ಹಳದಿಯಾಗಲು ಹತ್ತು ಕಾರಣಗಳಿವೆ. ಸಾರಜನಕ ಕಡಿಮೆಯಾಗಿದ್ದರೆ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತವೆ. ಸುಣ್ಣದಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಕಬ್ಬಿಣದಂಶ ಸಿಗದಿದ್ದರೆ ಎಳೆಯ ಎಲೆಯ ನರ ಹಸಿರಾಗಿ ಉಳಿದು ನಡುವಿನ ಭಾಗ ಬಿಳುಚುತ್ತದೆ. ವಯಸ್ಸಾದ ಕೆಳಗಿನ ಎಲೆಗಳು ಸುಮ್ಮನೆ ಒಣಗುತ್ತವೆ, ನಮ್ಮ ತಲೆಗೂದಲು ಬೆಳ್ಳಗಾದ ಹಾಗೆ. ಈ ಯಾವುದಕ್ಕೂ ಶಿಲೀಂಧ್ರನಾಶಕ ಉತ್ತರವಲ್ಲ.

ರೋಗವೇ ಆಗಿದ್ದರೂ ಯಾವ ರೋಗ ಎಂದು ತಿಳಿಯಬೇಕು. ನಮ್ಮ ಭಾಗದಲ್ಲಿ ಎಲೆಯನ್ನು ಕಾಡುವವು ಮುಖ್ಯವಾಗಿ ಎರಡು. ಒಂದು, ಕಂದು ಬಣ್ಣದ ಎಲೆ ತುಕ್ಕು: ಎಲೆಯ ಮೇಲೆ ಸಣ್ಣ ಸಣ್ಣ ದುಂಡನೆಯ ಗುಳ್ಳೆಗಳು, ಒರೆಸಿದರೆ ಇಟ್ಟಂಗಿ ಬಣ್ಣದ ಪುಡಿ. ಇನ್ನೊಂದು, ಎಲೆ ಅಂಗಮಾರಿ: ಕಂದು ಕಲೆ, ಸುತ್ತ ಹಳದಿ ಅಂಚು, ಕಲೆಗಳು ಕೂಡಿಕೊಂಡು ಎಲೆ ಸುಟ್ಟಂತೆ ಕಾಣುತ್ತದೆ, ಆದರೆ ಬೆರಳಿಗೆ ಪುಡಿ ಹತ್ತುವುದಿಲ್ಲ. ಉತ್ತರ ಭಾರತದವರು ದೊಡ್ಡದಾಗಿ ಮಾತನಾಡುವ ಹಳದಿ ತುಕ್ಕಿಗೆ ಬಹಳ ತಂಪು ಬೇಕು, ನಮ್ಮ ಬಯಲುಸೀಮೆ ಅದಕ್ಕೆ ಹೊಂದುವುದಿಲ್ಲ. ಪಂಜಾಬಿನ ವೀಡಿಯೊ ನೋಡಿ ಗದಗಿನಲ್ಲಿ ಎಣ್ಣೆ ಹೊಡೆಯುವವರಿಗೆ ಈ ಮಾತು.

ಎರಡರಲ್ಲಿ ಯಾವುದಾದರೇನು, ಎರಡಕ್ಕೂ ಒಂದೇ ಎಣ್ಣೆ ಅಲ್ಲವೇ ಎಂದು ನೀವು ಕೇಳಬಹುದು. ಸಿಂಪರಣೆಯ ಮಟ್ಟಿಗೆ ಬಹುಪಾಲು ಹೌದು. ಆದರೆ ಎರಡೂ ಬರುವ ದಾರಿ ಬೇರೆ, ದುಡ್ಡು ಉಳಿಯುವುದು ಆ ದಾರಿ ತಿಳಿದಾಗಲೇ. ಅಂಗಮಾರಿ ಮನೆಯೊಳಗಿನ ಕಳ್ಳ. ಬೀಜದಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ಅಡಗಿಕೊಂಡಿರುತ್ತದೆ. ಆದ್ದರಿಂದ ಬೀಜೋಪಚಾರ ಮಾಡಿ, ಗೋಧಿಯ ಮೇಲೆ ಗೋಧಿ ಬಿತ್ತದೆ ಮರುವರ್ಷ ಕಡಲೆ ಹಾಕಿದರೆ ಅದರ ಕಾಟ ತಗ್ಗುತ್ತದೆ. ಒಂದು ಎಕರೆಯ ಬೀಜಕ್ಕೆ ಉಪಚಾರ ಮಾಡುವ ಪುಡಿಯ ಖರ್ಚು ಒಂದು ಸಿಂಪರಣೆಯ ಕೂಲಿಗಿಂತ ಕಡಿಮೆ.

ತುಕ್ಕು ಮಾತ್ರ ಹೊರಗಿನ ಕಳ್ಳ. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಅದರ ಪುಡಿ ಬದುಕುವುದಿಲ್ಲ. ಆಗ್ರಾದ ಪ್ರಾಧ್ಯಾಪಕ ಕೆ.ಸಿ. ಮೆಹ್ತಾ ಕಳೆದ ಶತಮಾನದ ಮೊದಲಾರ್ಧದಲ್ಲೇ ತೋರಿಸಿಕೊಟ್ಟ ಸಂಗತಿ ಇದು: ಬಯಲಿನಲ್ಲಿ ಸತ್ತ ತುಕ್ಕು ಬೆಟ್ಟಗಳ ತಂಪಿನಲ್ಲಿ ಬದುಕಿ ಉಳಿದು ಪ್ರತಿ ವರ್ಷ ಮರಳಿ ಬರುತ್ತದೆ. ನಮ್ಮ ಪಾಲಿಗೆ ಆ ಬೆಟ್ಟಗಳು ನೀಲಗಿರಿ ಮತ್ತು ಪಳನಿ. ನವೆಂಬರ್ ಸುಮಾರಿಗೆ ಬಂಗಾಳಕೊಲ್ಲಿಯಲ್ಲಿ ಏಳುವ ಚಂಡಮಾರುತಗಳ ಗಾಳಿ, ಮಳೆಯ ಜೊತೆ ಆ ಪುಡಿ ಉತ್ತರಕ್ಕೆ ಹಾರಿ ಬಂದು ನಮ್ಮ ಎಳೆ ಗೋಧಿಯ ಮೇಲೆ ಇಳಿಯುತ್ತದೆ. ಅಂದರೆ, ತುಕ್ಕು ಬಂದಿತ್ತೆಂದು ಕೂಳೆಗೆ ಬೆಂಕಿ ಇಡುವವರು ಊಟಿಯಿಂದ ಬಂದ ಅತಿಥಿಗಾಗಿ ತಮ್ಮದೇ ಮನೆ ಸುಡುತ್ತಿದ್ದಾರೆ. ಮೇವೂ ಹೋಯಿತು, ಮಣ್ಣಿನ ಕಸುವೂ ಹೋಯಿತು, ತುಕ್ಕು ಮಾತ್ರ ಮತ್ತೆ ಬಂತು.

ಹೊರಗಿನಿಂದ ಬರುವ ಕಳ್ಳನಿಗೆ ಗಟ್ಟಿ ಬಾಗಿಲು ಬೇಕು. ಆ ಬಾಗಿಲು ತಳಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೂರು ಬಗೆಯ ಗೋಧಿಯಲ್ಲೂ ತಳಿ ಕೊಟ್ಟಿದ್ದಾರೆ. ರೊಟ್ಟಿ ಗೋಧಿಯಲ್ಲಿ ಡಿಡಬ್ಲ್ಯುಆರ್ 162, ಯುಎಎಸ್ 304; ಕಠಿಣ ಗೋಧಿಯಲ್ಲಿ ಯುಎಎಸ್ 428, ಯುಎಎಸ್ 446; ನಮ್ಮ ಹುಗ್ಗಿಯ ಸದಕ ಗೋಧಿಯಲ್ಲಿ ಡಿಡಿಕೆ 1029. ಈ ಪಟ್ಟಿಯಲ್ಲಿ ನಿಮ್ಮ ಹೊಲಕ್ಕೆ ಯಾವುದು, ಈಗ ಯಾವುದು ತುಕ್ಕಿಗೆ ಎದುರು ನಿಲ್ಲುತ್ತಿದೆ ಎಂಬುದನ್ನು ಸೆಪ್ಟೆಂಬರಿನ ಕೃಷಿ ಮೇಳದಲ್ಲಿ ಮಿರ್ಚಿ ತಿನ್ನುವ ಮೊದಲೇ ಕೇಳಿಕೊಂಡು ಬನ್ನಿ. ಮೇಳಕ್ಕೆ ಹೋಗಲಾಗದವರಿಗೆ ಗದಗಿನವರಾದರೆ ಹುಲಕೋಟಿ, ಹಾವೇರಿಯವರಾದರೆ ಹನುಮನಮಟ್ಟಿ, ಧಾರವಾಡದವರಾದರೆ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರ ಇದೆ. 'ಈಗ' ಎಂಬ ಮಾತಿಗೆ ಒತ್ತು ಕೊಡುತ್ತಿದ್ದೇನೆ. ತುಕ್ಕು ತನ್ನ ರೂಪ ಬದಲಿಸಿಕೊಳ್ಳುತ್ತಲೇ ಇರುತ್ತದೆ, ಇಪ್ಪತ್ತು ವರ್ಷದ ಹಿಂದೆ ತಡೆದ ತಳಿ ಇವತ್ತೂ ತಡೆಯುತ್ತದೆ ಎಂಬ ಭರವಸೆ ಇಲ್ಲ.

ಸದಕದ ಮಾತು ಬಂದಾಗ ಒಂದು ಹೆಮ್ಮೆಯ ಸಂಗತಿ ಹೇಳದಿದ್ದರೆ ಹುಗ್ಗಿ ಜೀರ್ಣವಾಗುವುದಿಲ್ಲ. 1922ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಸ್ಟಾಕ್‌ಮನ್ ಮತ್ತು ಲೆವೈನ್ ಎಂಬ ವಿಜ್ಞಾನಿಗಳು ಎಲೆ ತುಕ್ಕಿನ ಸೋದರನಾದ ಕಾಂಡದ ತುಕ್ಕಿನ ಬಗೆಗಳನ್ನು ಬೇರ್ಪಡಿಸಲು 12 ಗೋಧಿಗಳ ಒಂದು ಸಾಲನ್ನು ಗೊತ್ತುಮಾಡಿದರು. ಅದರಲ್ಲಿ ಒಂದರ ಹೆಸರು ಖಪ್ಲಿ, ಅಂದರೆ ನಮ್ಮ ಸದಕದ ಬಳಗದ್ದೇ. ಕಾಂಡದ ತುಕ್ಕನ್ನು ತಡೆಯುವ ಗುಣವನ್ನು ಅದರಿಂದ ಬೇರೆ ಗೋಧಿಗಳಿಗೂ ಸಾಗಿಸಿದರು. ನಾವು ಮಾತ್ರ 'ಹೊಟ್ಟು ಬಿಡಿಸುವ ರಗಳೆ ಯಾರಿಗೆ ಬೇಕು' ಎಂದು ಅದನ್ನು ಕೈಬಿಡುತ್ತಾ ಬಂದೆವು.

ಗೋಧಿಯ ಹೂವು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಒಮ್ಮೆ ಒಳ್ಳೆಯ ಬೀಜ ತಂದರೆ ಮೂರು ವರ್ಷ ಸ್ವಂತ ಬೀಜ ಬಳಸಬಹುದು. ಬಿತ್ತುವ ತಾರೀಖಿಗಂತೂ ಕಾಸೂ ಬೇಡ. ಮಳೆಯಾಶ್ರಿತವಾದರೆ ಅಕ್ಟೋಬರ್ ಮೊದಲಾರ್ಧ, ನೀರಾವರಿಯಾದರೆ ನವೆಂಬರ್ ಮೊದಲಾರ್ಧ. ಡಿಸೆಂಬರಿಗೆ ಜಾರಿದ ಬೆಳೆ ಕಾಳು ತುಂಬುವ ಹೊತ್ತಿಗೆ ಬಿಸಿಲಿಗೂ ಸಿಗುತ್ತದೆ, ಊರ ತುಂಬ ಆಗಲೇ ಬೆಳೆದು ನಿಂತ ರೋಗಕ್ಕೂ ಸಿಗುತ್ತದೆ. ನಮ್ಮ ಹಳ್ಳಿಗಳ ಗೋಡೆಗಳ ಮೇಲೆ ಎಣ್ಣೆಯ ಜಾಹೀರಾತು ಎಷ್ಟು ಬೇಕಾದರೂ ಇವೆ. 'ನವೆಂಬರ್ 15ರೊಳಗೆ ಬಿತ್ತಿ' ಎಂದು ಬರೆಸಿದ ಗೋಡೆಯನ್ನು ನಾನು ಇನ್ನೂ ನೋಡಿಲ್ಲ. ತಾರೀಖನ್ನು ಬಾಟಲಿಗೆ ತುಂಬಿ ಮಾರಲು ಬರುವುದಿಲ್ಲವಲ್ಲ.

ಇಷ್ಟು ಕೇಳಿ 'ಇವನು ಎಣ್ಣೆಯ ವಿರೋಧಿ' ಎಂದುಕೊಳ್ಳಬೇಡಿ. ಆ ಭ್ರಮೆ ನನಗೂ ಒಂದು ವರ್ಷ ಇತ್ತು. ಕಾಕಾ ಪಾಠ ಕಲಿಸಿದ ಮರುವರ್ಷವೇ ನಿಜವಾದ ಭಂಡಾರ ಬಂತು. ಹೊಲದ ನಡುವೆ ಚಾಪೆಯಗಲದ ಒಂದು ಜಾಗದಲ್ಲಿ ಬೆರಳಿಗೆ ಪುಡಿ ಹತ್ತಿತು. ಅನುಭವಿಯಾಗಿಬಿಟ್ಟಿದ್ದೆನಲ್ಲ, 'ನೋಡೋಣ' ಎಂದೆ. ಎರಡು ವಾರ ನೋಡಿದೆ. ತುಕ್ಕಿನ ಪುಡಿ ಇಬ್ಬನಿಯಲ್ಲಿ ಕೆಲವು ತಾಸು ನೆನೆದರೆ ಸಾಕು, ಮೊಳೆತು ಎಲೆಯ ಉಸಿರುರಂಧ್ರದಿಂದ ಒಳಗೆ ಹೋಗುತ್ತದೆ. ವಾರ ಹತ್ತು ದಿನಕ್ಕೆ ಹೊಸ ಗುಳ್ಳೆ ಒಡೆದು ಮತ್ತೆ ಪುಡಿ. ಚಾಪೆಯಗಲದ್ದು ಎರಡು ಎಕರೆಯಾಯಿತು. ಆ ವರ್ಷದ ಕಾಳು ಜೀರಿಗೆಯಂತೆ ಸೊರಗಿತ್ತು. 'ಕಾಕಾ, ನೀವೇ ಎಣ್ಣೆ ಬೇಡ ಎಂದಿದ್ದಿರಿ' ಎಂದೆ. "ಭಂಡಾರ ಹತ್ತದಿದ್ದರೆ ಬೇಡ ಎಂದಿದ್ದೆ. ಹತ್ತಿದ ಮೇಲೂ ಬೇಡ ಎಂದಿದ್ದೆನೇನಪ್ಪ?" ಎಂದರು.

ಹಾಗಾದರೆ ಯಾವಾಗ ಹೊಡೆಯಬೇಕು? ಲೆಕ್ಕ ಹಾಕೋಣ. ಔಷಧ, ಕೂಲಿ ಎಲ್ಲ ಸೇರಿ ಎಕರೆಗೆ ಒಂದು ಸಿಂಪರಣೆಗೆ ಸಾವಿರ ರೂಪಾಯಿ ಎಂದು ಹಿಡಿಯಿರಿ. 2025–26ರ ಹಿಂಗಾರು ಮಾರುಕಟ್ಟೆ ಹಂಗಾಮಿಗೆ ಗೋಧಿಯ ಬೆಂಬಲ ಬೆಲೆ ಕ್ವಿಂಟಲಿಗೆ 2425 ರೂಪಾಯಿ ಇತ್ತು, ಅದನ್ನೇ ಹಿಡಿಯೋಣ. ಅಂದರೆ ಆ ಸಾವಿರ ತಿರುಗಿ ಬರಲು ಸುಮಾರು 41 ಕಿಲೊ ಕಾಳು ಉಳಿಯಬೇಕು. ಹದಿನೈದು ಕ್ವಿಂಟಲ್ ಬರುವ ನೀರಾವರಿ ಎಕರೆಯಲ್ಲಿ ಇದು ನೂರಕ್ಕೆ ಮೂರರಷ್ಟೂ ಅಲ್ಲ, ಹೊಡೆಯಿರಿ. ನಾಲ್ಕು ಕ್ವಿಂಟಲ್ ಬರುವ ಮಳೆಯಾಶ್ರಿತ ಎಕರೆಯಲ್ಲಿ ಇದು ಹತ್ತರಲ್ಲಿ ಒಂದು ಪಾಲು. ತೇವ ಆರುತ್ತಾ ಬಂದಿರುವ ಅಂಥ ಹೊಲದಲ್ಲಿ ಎರಡು ಸಲ ಯೋಚಿಸಿ. ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ಕಂಡ ತುಕ್ಕಿಗೆ ನಾನಂತೂ ಒಂದು ಪೈಸೆ ಬಿಚ್ಚುವುದಿಲ್ಲ.

ನೀರಾವರಿಯಲ್ಲಿ ಕಣ್ಣಿಡಬೇಕಾದದ್ದು ಹೊಡೆ ಕಟ್ಟುವ ಹೊತ್ತಿಗೆ ಮೂಡುವ ಕೊನೆಯ ಎಲೆಯ ಮೇಲೆ. ಪುಸ್ತಕದಲ್ಲಿ ಅದಕ್ಕೆ ಪತಾಕೆ ಎಲೆ ಎನ್ನುತ್ತಾರೆ. ಕಾಳಿಗೆ ಸಿಗುವ ಆಹಾರದ ದೊಡ್ಡ ಪಾಲು ಅದರಿಂದ ಮತ್ತು ಅದರ ಕೆಳಗಿನ ಎಲೆಯಿಂದ ಬರುತ್ತದೆ. ಕೆಳಗಿನ ಎಲೆಗಳಲ್ಲಿ ತುಕ್ಕು ಕಂಡು, ಇಬ್ಬನಿ ಬೀಳುತ್ತಿದ್ದು, ಈ ಎರಡು ಎಲೆ ಇನ್ನೂ ಶುದ್ಧವಾಗಿದ್ದರೆ ಅದೇ ಸಮಯ. ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ, ಶೇಕಡಾ 25 ಇಸಿ, ಲೀಟರಿಗೆ 1 ಮಿಲಿ, ಎಕರೆಗೆ 200 ಲೀಟರ್ ನೀರು, 200 ಮಿಲಿ ಔಷಧ. ನಮ್ಮಲ್ಲಿ ತಪ್ಪುವುದು ಇಲ್ಲೇ. ಎಕರೆಗೆ ಐದು ಪಂಪ್ ಹೊಡೆದು, ಪಂಪಿಗೆ ಒಂದು ಮುಚ್ಚಳ ಹಾಕಿ, ಎಣ್ಣೆ ಕೆಲಸ ಮಾಡಲಿಲ್ಲ ಎಂದು ಬೈಯುತ್ತೇವೆ. ಐದು ಪಂಪ್ ಎಂದರೆ ಎಂಬತ್ತು ಲೀಟರ್; ಎಲೆ ಅರ್ಧವೂ ತೊಯ್ಯುವುದಿಲ್ಲ. ಮ್ಯಾಂಕೊಜೆಬ್ ಇನ್ನೂ ಅಗ್ಗ, ಲೀಟರಿಗೆ 2 ಗ್ರಾಂ, ಆದರೆ ಅದು ಎಲೆಯ ಮೇಲೆ ಕೂತು ಕಾಯುವ ಕಾವಲುಗಾರ. ಒಳಗೆ ಹೊಕ್ಕ ರೋಗವನ್ನು ಹೊರಗೆಳೆಯಲಾರದು. ಕೊಯ್ಲಿಗೆ ತಿಂಗಳು ಉಳಿದಿಲ್ಲವಾದರೆ ಪ್ರೊಪಿಕೊನಜೋಲ್ ಮುಟ್ಟಬೇಡಿ. ಟಾನಿಕ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನನ್ನ ಅಟ್ಟದ ಮೇಲೆ ಒಂದು ಬಾಟಲಿ ಇನ್ನೂ ಇದೆ, ಬೇಕಾದವರು ಒಯ್ಯಬಹುದು.

ನನ್ನ ಗೋಧಿಗೆ ಈಗ ನಲವತ್ತೆಂಟು ದಿನ. ಎರಡು ದಿನದಿಂದ ಮೋಡ ಮುಸುಕಿದೆ, ಬೆಳಗ್ಗೆ ಬದುವಿನ ಹುಲ್ಲು ಒದ್ದೆ. ನಾಳೆ ಕಾಕಾ ಧೋತರ ಉಟ್ಟು ಬರುತ್ತಾರಂತೆ. ಕಳೆದ ವಾರ ನನಗೆ ಮೊಬೈಲಿನಲ್ಲಿ ಹಳದಿ ಎಲೆಗಳ ಚಿತ್ರ ಕಳುಹಿಸಿ ಯಾವ ಎಣ್ಣೆ ಎಂದು ಕೇಳಿದವರು ಬಹಳ ಜನ. ಇನ್ನು ಮುಂದೆ ಬರೀ ಎಲೆಯ ಚಿತ್ರ ಬೇಡ. ಎಲೆ ಒರೆಸಿದ ಬೆರಳಿನ ಚಿತ್ರವನ್ನೂ, ಬಿತ್ತಿದ ತಾರೀಖನ್ನೂ, ತಳಿಯ ಹೆಸರನ್ನೂ ಜೊತೆಗೆ ಕಳುಹಿಸಿ.