ಆಟಕ್ಕುಂಟು, ಲೆಕ್ಕಕ್ಕಿಲ್ಲ: ಸೇವಾ ವಲಯದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಲಬುರಗಿಗೆ ಜಾಗವೆಲ್ಲಿ?

[ದೃಶ್ಯ: ಮೇಜಿನ ಮೇಲೊಂದು ಬಿಲ್. ಕ್ಯಾಮೆರಾ ಮೇಲಿನ ಸಾಲಿನ ಹತ್ತಿರ ಹೋಗುತ್ತದೆ.]

ನಮಸ್ಕಾರ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಹತ್ತಾರು ಊರುಗಳಲ್ಲಿ ಶಾಖೆಯಿರುವ ಯಾವುದಾದರೂ ಮೊಬೈಲ್ ಮಳಿಗೆಯಲ್ಲಿ ಫೋನ್ ಕೊಂಡಿದ್ದರೆ, ಅದರ ಬಿಲ್ ತೆಗೆದು ನೋಡಿ. ಮೇಲ್ಭಾಗದಲ್ಲಿ ಹದಿನೈದು ಅಕ್ಷರ, ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ 29. ಅದು ಕರ್ನಾಟಕದ ಸಂಕೇತ. ಮುಂದಿನ ಹತ್ತು ಕಂಪನಿಯ ಪ್ಯಾನ್. ಇಡೀ ಸಂಖ್ಯೆಯಲ್ಲಿ ಜಿಲ್ಲೆಗೆ ಸ್ಥಳವೇ ಇಲ್ಲ. ಅದೇ ಕಂಪನಿಯ ಬೀದರ್ ಮಳಿಗೆ, ಯಾದಗಿರಿ ಮಳಿಗೆ, ಬೆಂಗಳೂರಿನ ಹತ್ತು ಮಳಿಗೆ, ಸಾಮಾನ್ಯವಾಗಿ ಎಲ್ಲದರ ಬಿಲ್ಲಿನಲ್ಲೂ ಇದೇ ಸಂಖ್ಯೆ. ನೋಂದಣಿಯ ಮುಖ್ಯ ವಿಳಾಸ ಬಹುತೇಕ ಬೆಂಗಳೂರಿನದು. ನಮ್ಮೂರಿನ ಮಳಿಗೆ ‘ಹೆಚ್ಚುವರಿ ವ್ಯವಹಾರ ಸ್ಥಳ’ ಎಂಬ ಪಟ್ಟಿಯಲ್ಲಿ ಒಂದು ಸಾಲು.

ಕೇಂದ್ರ ಸರ್ಕಾರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ ಸೇವಾ ವಲಯದ ಕಂಪನಿಗಳ ವಾರ್ಷಿಕ ಸಮೀಕ್ಷೆಯೊಂದನ್ನು ಯೋಜಿಸಿದೆ. 2026ರ ಜನವರಿಯಿಂದ ಆರಂಭಿಸುವುದೆಂದು ಪ್ರಕಟಿಸಿತ್ತು. ಆ ಸಮೀಕ್ಷೆ ಯಾರನ್ನು ಕೇಳಬೇಕು ಎಂದು ಆರಿಸಿಕೊಳ್ಳುವುದು ಇದೇ ಜಿಎಸ್‌ಟಿ ಪಟ್ಟಿಯಿಂದ. ಹಾಗಾದರೆ ಕಲಬುರಗಿಯ ದುಡಿಮೆ ಯಾವ ಊರಿನ ಹೆಸರಿನಲ್ಲಿ ಬರೆಯಲ್ಪಡುತ್ತದೆ? ಈ ವಿಡಿಯೋ ಆ ಪ್ರಶ್ನೆಯ ಬೆನ್ನು ಹತ್ತುತ್ತದೆ.

[ಪರದೆಯ ಮೇಲೆ: ಇಷ್ಟು ವರ್ಷ ಏನು ಮಾಡುತ್ತಿದ್ದರು?]

ಕಾರ್ಖಾನೆಗಳಿಗೆ ಬಹಳ ಹಿಂದಿನಿಂದಲೂ ವಾರ್ಷಿಕ ಕೈಗಾರಿಕಾ ಸಮೀಕ್ಷೆ ಇದೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳು ಪ್ರತಿ ವರ್ಷ ಲೆಕ್ಕ ಒಪ್ಪಿಸುತ್ತವೆ. ಸಣ್ಣ ಅಂಗಡಿ, ಗ್ಯಾರೇಜು, ಖಾನಾವಳಿ, ಅಂದರೆ ಕಂಪನಿಯಾಗಿ ನೋಂದಣಿಯಾಗದ ಉದ್ಯಮಗಳಿಗೆ ಅಸಂಘಟಿತ ಉದ್ಯಮಗಳ ವಾರ್ಷಿಕ ಸಮೀಕ್ಷೆ ಇದೆ. ಅದರ 2023-24ರ ಅಂದಾಜಿನಂತೆ ದೇಶದಲ್ಲಿ ಇಂಥ 7.34 ಕೋಟಿ ಘಟಕಗಳು, ಅವುಗಳಲ್ಲಿ 12 ಕೋಟಿಗೂ ಹೆಚ್ಚು ದುಡಿಯುವವರು. ಇವೆರಡರ ನಡುವೆ ಒಂದು ದೊಡ್ಡ ಖಾಲಿ ಉಳಿದಿತ್ತು: ಕಂಪನಿಯಾಗಿ ನೋಂದಣಿಯಾದ, ಆದರೆ ಕಾರ್ಖಾನೆಯಲ್ಲದ ಸಂಸ್ಥೆಗಳು. ಲಾಜಿಸ್ಟಿಕ್ಸ್, ಸಾಫ್ಟ್‌ವೇರ್, ಸೆಕ್ಯೂರಿಟಿ ಗಾರ್ಡ್ ಒದಗಿಸುವ ಏಜೆನ್ಸಿ, ಹೋಟೆಲ್ ಸಮೂಹ. ದೇಶದ ಮೌಲ್ಯವರ್ಧನೆಯಲ್ಲಿ, ಅಂದರೆ ಗಳಿಕೆಯಿಂದ ಹೊರಗಿನಿಂದ ಕೊಂಡ ಸರಕು-ಸೇವೆಯ ಖರ್ಚು ಕಳೆದು ಉಳಿಯುವುದರಲ್ಲಿ, ಅರ್ಧಕ್ಕಿಂತ ಹೆಚ್ಚು ಪಾಲು ಸೇವಾ ವಲಯದ್ದು. ಅದರ ಕಂಪನಿಗಳ ಭಾಗಕ್ಕೇ ನಿಯಮಿತ ಸಮೀಕ್ಷೆ ಇರಲಿಲ್ಲ ಎಂದರೆ ಆಶ್ಚರ್ಯವೇ.

ಪ್ರಯತ್ನ ನಡೆದಿರಲಿಲ್ಲವೆಂದಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 74ನೇ ಸುತ್ತು 2016ರ ಜುಲೈಯಿಂದ 2017ರ ಜೂನ್‌ವರೆಗೆ ನಡೆದದ್ದು ಇದಕ್ಕಾಗಿಯೇ. ಆಗ ಕಂಪನಿ ವ್ಯವಹಾರಗಳ ಸಚಿವಾಲಯದ ಪಟ್ಟಿಯನ್ನು ಹಿಡಿದು ಹೊರಟರು. ವಿಳಾಸಕ್ಕೆ ಹೋದರೆ ಕಂಪನಿಯೇ ಇಲ್ಲ. ಇದ್ದರೆ ಬಾಗಿಲು ಹಾಕಿದೆ. ಬಾಗಿಲು ತೆರೆದಿದ್ದರೆ ಅಲ್ಲಿ ನಡೆಯುತ್ತಿರುವುದು ಬೇರೆಯೇ ವ್ಯವಹಾರ. ಆ ಪಟ್ಟಿಯಿಂದ ಆರಿಸಿದ ಘಟಕಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೀಗೆ ಕೈಬಿಟ್ಟುಹೋದವು. ಕೊನೆಗೆ ಯೋಜಿಸಿದ್ದ ಪೂರ್ಣ ವರದಿಗಳನ್ನು ಬಿಟ್ಟು, 2019ರಲ್ಲಿ ಒಂದು ತಾಂತ್ರಿಕ ವರದಿಯನ್ನಷ್ಟೇ ಹೊರತಂದರು. ಜಿಡಿಪಿ ಅಂದಾಜಿಗೂ ಅದೇ ಕಂಪನಿ ಪಟ್ಟಿ ಬಳಕೆಯಲ್ಲಿದ್ದುದರಿಂದ ಆಗ ಎದ್ದ ಗದ್ದಲ ಸಣ್ಣದಾಗಿರಲಿಲ್ಲ.

[ದೃಶ್ಯ: ನಕ್ಷೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿ]

ಆ ಪೆಟ್ಟು ತಿಂದ ಮೇಲೆ ಈ ಬಾರಿ ಹುಷಾರಾಗಿದ್ದಾರೆ. ತೆರಿಗೆ ಕಟ್ಟುವವರು ಜೀವಂತ ಇರುತ್ತಾರೆ ಎಂಬ ಸರಳ ತರ್ಕದಿಂದ ಜಿಎಸ್‌ಟಿ ಜಾಲದ ಪಟ್ಟಿಯನ್ನು ಆಧಾರವಾಗಿ ಹಿಡಿದರು. 2024ರಲ್ಲಿ ಪ್ರಾಯೋಗಿಕ ಅಧ್ಯಯನ ಶುರುವಾಯಿತು. ಮೊದಲ ಹಂತದಲ್ಲಿ ಸುಮಾರು 10,000 ಉದ್ಯಮಗಳು ನಿಜಕ್ಕೂ ಇವೆಯೇ, ವಿಳಾಸ ಸರಿಯಿದೆಯೇ ಎಂದು ನೋಡಿದರು. ಎರಡನೇ ಹಂತದಲ್ಲಿ ಲೆಕ್ಕಪತ್ರ ಕೇಳಿದರು. ಉತ್ತರಗಳನ್ನು ಕಾಗದದ ಬದಲು ನೇರವಾಗಿ ಟ್ಯಾಬ್ಲೆಟ್‌ನಲ್ಲಿ ತುಂಬಿದರು. ಫಲಿತಾಂಶ 2025ರ ಏಪ್ರಿಲ್ ಕೊನೆಗೆ ಬಂತು: ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪ್ರೈವೇಟ್ ಲಿಮಿಟೆಡ್ ಕಂಪನಿಗಳು. ಆಸ್ತಿಯಲ್ಲೂ ಮೌಲ್ಯವರ್ಧನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು 500 ಕೋಟಿ ರೂಪಾಯಿ ಮೀರಿದ ಗಾತ್ರದವುಗಳದ್ದು. ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಉದ್ಯಮಗಳಿಗೆ ಅದೇ ರಾಜ್ಯದೊಳಗೆ ಬೇರೆ ಶಾಖೆಗಳಿದ್ದವು. ಈ ಕೊನೆಯ ಅಂಶವನ್ನು ನೆನಪಿಡಿ, ನಮ್ಮ ತಕರಾರು ಅಲ್ಲೇ ಇದೆ.

ಮಾದರಿ ಸಮೀಕ್ಷೆಯನ್ನು ವಿವರಿಸುವಾಗ ಎಲ್ಲರೂ ಅನ್ನದ ಅಗುಳಿನ ಮಾತು ತೆಗೆಯುತ್ತಾರೆ. ಒಂದು ಅಗುಳು ಹಿಸುಕಿದರೆ ಇಡೀ ಪಾತ್ರೆಯ ಅನ್ನ ಗೊತ್ತಾಗುತ್ತದೆ ಎಂದು. ಸೇವಾ ವಲಯಕ್ಕೆ ಅದು ನಡೆಯುವುದಿಲ್ಲ. ಸಾವಿರಾರು ಕೋಟಿ ವಹಿವಾಟಿನ ಸಾಫ್ಟ್‌ವೇರ್ ಕಂಪನಿಯೂ ಜೇವರ್ಗಿ ರಸ್ತೆಯ ಇಬ್ಬರು ನಿರ್ದೇಶಕರ ಪುಟ್ಟ ಸಲಹಾ ಕಂಪನಿಯೂ ಒಂದೇ ಪಟ್ಟಿಯಲ್ಲಿರುವಾಗ, ಕಣ್ಣು ಮುಚ್ಚಿ ಕೈಹಾಕಿದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಮೊದಲು ಪಟ್ಟಿಯನ್ನು ರಾಜ್ಯವಾರು, ಚಟುವಟಿಕೆವಾರು, ಗಾತ್ರವಾರು ಗುಂಪು ಮಾಡುವುದು ಇಂಥ ಸಮೀಕ್ಷೆಗಳ ರೂಢಿ. ತೀರ ದೊಡ್ಡವರನ್ನು ಒಬ್ಬರನ್ನೂ ಬಿಡುವುದಿಲ್ಲ. ಸಣ್ಣವರಲ್ಲಿ ಕೆಲವರನ್ನು ಆರಿಸುತ್ತಾರೆ. ಗಣಿತದ ದೃಷ್ಟಿಯಿಂದ ಇದು ಸರಿ. ಆದರೆ ಪರಿಣಾಮ ನೋಡಿ: ದೊಡ್ಡವರ ಮುಖ್ಯ ಕಚೇರಿಗಳು ಬೆಂಗಳೂರಿನಲ್ಲಿ, ಆದ್ದರಿಂದ ಕರ್ನಾಟಕದ ಪ್ರಶ್ನಾವಳಿಗಳಲ್ಲಿ ಬಹುಪಾಲು ತುಂಬುವುದೂ ಬೆಂಗಳೂರಿನಲ್ಲೇ.

[ದೃಶ್ಯ: ನೆಹರೂ ಗಂಜ್. ತೊಗರಿ ಚೀಲಗಳು, ಹಮಾಲರು, ತಕ್ಕಡಿ]

ಈಗ ಗಂಜ್‌ಗೆ ಬನ್ನಿ. ತೊಗರಿ ಸುಗ್ಗಿಯಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ದಾರಿಯನ್ನೇ ಹಿಡಿದು ಹೋದರೆ ಸಮೀಕ್ಷೆಯ ಕಷ್ಟವೆಲ್ಲ ಕಣ್ಣಿಗೆ ಬೀಳುತ್ತದೆ. ರೈತ ಕೃಷಿಯ ಲೆಕ್ಕಕ್ಕೆ. ದಾಲ್ ಮಿಲ್ ತಯಾರಿಕೆಯ ಲೆಕ್ಕಕ್ಕೆ. ನಡುವೆ ಕುಳಿತ ಅಡತ್ ಅಂಗಡಿ ಮಾತ್ರ ಸೇವೆ, ಕಮಿಷನ್ ಮೇಲೆ ನಡೆಯುವ ವ್ಯವಹಾರ. ಕೃಷಿ ಉತ್ಪನ್ನದ ಮಾರಾಟದಲ್ಲಿ ಕಮಿಷನ್ ಏಜೆಂಟರು ಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅಲ್ಲಿಗೆ ಅಡತಿಯು ಜಿಎಸ್‌ಟಿ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. ಇದ್ದರೂ ಆತ ಕಂಪನಿಯಲ್ಲ. ಅಪ್ಪನ ಹೆಸರಿನ ಅಂಗಡಿ, ಇಲ್ಲವೇ ಅಣ್ಣತಮ್ಮಂದಿರ ಪಾಲುದಾರಿಕೆ. ಹೊಸ ಸಮೀಕ್ಷೆಗೂ ಆತನಿಗೂ ಸಂಬಂಧವಿಲ್ಲ.

ಆಸ್ಪತ್ರೆ, ಶಾಲೆ, ಕಾಲೇಜುಗಳ ಕಥೆ ಇನ್ನೂ ವಿಚಿತ್ರ. ಸುತ್ತಲಿನ ಜಿಲ್ಲೆಗಳ ಜನ ಕಲಬುರಗಿಗೆ ಬರುವುದೇ ಚಿಕಿತ್ಸೆಗೆ ಮತ್ತು ಓದಿಗೆ. ಇವೆರಡಕ್ಕೂ ಬಹುಮಟ್ಟಿಗೆ ಜಿಎಸ್‌ಟಿ ಇಲ್ಲ. ನೀಟ್ ಕೋಚಿಂಗ್ ಕೇಂದ್ರಕ್ಕೆ ನೂರಕ್ಕೆ ಹದಿನೆಂಟು ತೆರಿಗೆ, ಪಕ್ಕದ ಪದವಿ ಕಾಲೇಜಿಗೆ ವಿನಾಯಿತಿ. ಆಸ್ಪತ್ರೆಯ ಚಿಕಿತ್ಸೆಗೆ ತೆರಿಗೆ ಇಲ್ಲ, ಆದರೆ ಅದರ ನೆಲಮಹಡಿಯ ಔಷಧ ಅಂಗಡಿಗೆ ಇದೆ. ಹೀಗಾಗಿ ಕಂಪನಿಯಾಗಿರುವ ಆಸ್ಪತ್ರೆಯೊಂದು ಜಿಎಸ್‌ಟಿ ಪಟ್ಟಿಯಲ್ಲಿ ಸೇರಿದ್ದರೂ ಔಷಧ ಮಾರುವ ಉದ್ಯಮವಾಗಿ ಸೇರಿರುವ ಸಾಧ್ಯತೆ ಇದೆ. ಸಮೀಕ್ಷೆಯವರು ಬಂದಾಗ ‘ನಿಮ್ಮ ಮುಖ್ಯ ಚಟುವಟಿಕೆ ಯಾವುದು’ ಎಂದು ಮೊದಲಿಗೇ ಕೇಳುವುದು ಸುಮ್ಮನಲ್ಲ. ಟ್ರಸ್ಟ್, ಸೊಸೈಟಿ ನಡೆಸುವ ವಿದ್ಯಾಸಂಸ್ಥೆಗಳಂತೂ ಕಂಪನಿಯೇ ಅಲ್ಲ, ಅವು ಅಸಂಘಟಿತ ಉದ್ಯಮಗಳ ಸಮೀಕ್ಷೆಗೆ ಹೋಗುತ್ತವೆ. ‘ಅಸಂಘಟಿತ’ ಎಂದರೆ ಬಡ ಗೂಡಂಗಡಿ ಎಂದುಕೊಂಡವರಿಗೆ ಇದು ಹೊಸ ಸುದ್ದಿ ಇರಬಹುದು.

[ದೃಶ್ಯ: ಮೊಬೈಲ್ ರಿಪೇರಿ ಅಂಗಡಿಯ ಒಳಗೆ. ಬೆಸುಗೆ ಕಡ್ಡಿ, ತೆರೆದ ಫೋನ್]

ನಮ್ಮ ಮೂರೂ ಜಿಲ್ಲೆಗಳ ಸೇವಾ ವಲಯ ಹೆಚ್ಚಾಗಿ ಸಿಗುವುದು ಆ ಎರಡನೇ ಸಮೀಕ್ಷೆಯಲ್ಲಿ. ಅಲ್ಲಿ ಏನು ಕೇಳುತ್ತಾರೆ? ಯಾದಗಿರಿ ರೈಲು ನಿಲ್ದಾಣದ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ ಎಂದುಕೊಳ್ಳಿ. ಉದಾಹರಣೆ ನನ್ನದು, ಅಂಕಿಗಳೂ ನನ್ನವೇ. ತಿಂಗಳ ಗಳಿಕೆ 60,000 ರೂಪಾಯಿ. ಬಿಡಿಭಾಗಕ್ಕೆ 24,000, ಕರೆಂಟು, ಇಂಟರ್ನೆಟ್ಟು, ಚಿಲ್ಲರೆ ಖರ್ಚಿಗೆ 3,000. ಕಳೆದರೆ 33,000 ಉಳಿಯಿತು. ಕೆಲಸದ ಹುಡುಗನಿಗೆ 9,000 ಸಂಬಳ. ಅಂಗಡಿಯವರ ಬಾಯಲ್ಲಿ ಲಾಭ 24,000. ಸಮೀಕ್ಷೆಯ ಲೆಕ್ಕದಲ್ಲಿ ಮೌಲ್ಯವರ್ಧನೆ 33,000. ಏಕೆಂದರೆ ಸಂಬಳವನ್ನು ಇಲ್ಲಿ ಖರ್ಚೆಂದು ಕಳೆಯುವುದಿಲ್ಲ. ಆ ಅಂಗಡಿಯಲ್ಲಿ ಹುಟ್ಟಿದ ಆದಾಯದಲ್ಲಿ ಹುಡುಗನ ಪಾಲು ಎಂದೇ ಹಿಡಿಯುತ್ತಾರೆ. ಮಧ್ಯಾಹ್ನ ಬಂದು ಕೌಂಟರಿನಲ್ಲಿ ಕೂರುವ ತಮ್ಮನಿಗೆ ಸಂಬಳ ಇಲ್ಲದಿದ್ದರೂ ಕೆಲಸಗಾರರ ಸಂಖ್ಯೆಯಲ್ಲಿ ಆತನಿಗೆ ಜಾಗ ಉಂಟು. ‘ಅವನು ಸುಮ್ಮನೆ ಕೂರುತ್ತಾನೆ’ ಎಂದು ಅಂಗಡಿಯವರು ಹೇಳಿಬಿಟ್ಟರೆ ಆ ತಮ್ಮ ದೇಶದ ಉದ್ಯೋಗದ ಅಂದಾಜಿನಿಂದಲೇ ಜಾರಿಹೋಗುತ್ತಾನೆ.

ಈ ಸಮೀಕ್ಷೆಯಲ್ಲಿ 2025ರ ಜನವರಿಯಿಂದ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮಾದರಿ ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ. ಅಂದರೆ ಯಾದಗಿರಿಯನ್ನು ಪೂರ್ತಿ ಬಿಟ್ಟು ಕರ್ನಾಟಕದ ಅಂದಾಜು ಮಾಡಲು ಬರುವುದಿಲ್ಲ. ಹಾಗೆಂದು ಜಿಲ್ಲಾವಾರು ಅಂಕಿಅಂಶ ತಾನಾಗಿ ಬಂದುಬಿಡುವುದಿಲ್ಲ. ಅದಕ್ಕೆ ಪ್ರತಿ ಜಿಲ್ಲೆಯಲ್ಲೂ ಸಾಕಷ್ಟು ಘಟಕಗಳು ಬೇಕು, ರಾಜ್ಯ ಸರ್ಕಾರ ತನ್ನ ಸಿಬ್ಬಂದಿಯನ್ನೂ ಹಚ್ಚಬೇಕು.

[ಪರದೆಯ ಮೇಲೆ: ಇಷ್ಟೆಲ್ಲ ತಲೆಬಿಸಿ ಏಕೆ?]

ಏಕೆಂದರೆ ಈ ಭಾಗದಲ್ಲಿ ಅಂಕಿಅಂಶಕ್ಕೆ ಹಣದ ಬೆಲೆ ಇದೆ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚ್ಯಂಕಗಳನ್ನು ಹಿಡಿದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಮುಂದೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಜೆ ವಿಧಿಗಾಗಿ ನಡೆದ ಹೋರಾಟದಲ್ಲಿ ಈ ವರದಿಯನ್ನು ಎತ್ತಿ ತೋರಿಸದ ವೇದಿಕೆ ಇರಲಿಲ್ಲ. ಇಂದಿಗೂ ತಲಾ ಆದಾಯದ ಪಟ್ಟಿಯಲ್ಲಿ ಕಲಬುರಗಿ, ಯಾದಗಿರಿ, ಬೀದರ್ ತಳದಲ್ಲೇ ಇವೆ. ಆ ಜಿಲ್ಲಾ ಆದಾಯವನ್ನು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಅಂದಾಜಿಸುತ್ತದೆ. ಸೇವೆಗಳ ಹಲವು ಬಾಬತ್ತುಗಳಲ್ಲಿ ನೇರ ಲೆಕ್ಕ ಸಿಗದೆ, ರಾಜ್ಯದ ಮೊತ್ತವನ್ನು ಯಾವುದೋ ಅನುಪಾತ ಹಿಡಿದು ಜಿಲ್ಲೆಗಳಿಗೆ ಹಂಚಬೇಕಾಗುತ್ತದೆ.

ನಮ್ಮ ಬಡತನವೆಲ್ಲ ಲೆಕ್ಕದ ತಪ್ಪು ಎಂದು ನಾನು ಹೇಳುತ್ತಿಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಬಸ್ಸು ಹತ್ತುವ ಯಾದಗಿರಿಯ ಕುಟುಂಬಗಳು ಯಾವ ಕೋಷ್ಟಕದ ಭ್ರಮೆಯೂ ಅಲ್ಲ. ಆದರೆ ಎಷ್ಟು ಪಾಲು ನಿಜದ ಕೊರತೆ, ಎಷ್ಟು ಪಾಲು ಬೆಂಗಳೂರಿನ ವಿಳಾಸದಡಿ ಸೇರಿಹೋದದ್ದು ಎಂದು ಬಿಡಿಸಿ ನೋಡುವ ಸಾಧನ ಇಲ್ಲದಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಸಾಧನ ಇದ್ದಿದ್ದರೆ, ಇಲ್ಲಿ ಯಾವ ಸೇವೆಗಳು ಬೆಳೆಯುತ್ತಿವೆ, ಯಾವುದಕ್ಕೆ ತರಬೇತಿ ಕೊಡಬೇಕು ಎಂಬ ಚರ್ಚೆಯೂ ಊಹೆಯ ಮೇಲೆ ನಡೆಯುತ್ತಿರಲಿಲ್ಲ.

[ದೃಶ್ಯ: ಟ್ಯಾಬ್ಲೆಟ್ ಹಿಡಿದ ಕೈ, ಎದುರಿಗೆ ಲೆಕ್ಕದ ಪುಸ್ತಕ]

ಒಂದು ಭಯದ ಬಗ್ಗೆಯೂ ಹೇಳಿಬಿಡುತ್ತೇನೆ. ಸಮೀಕ್ಷೆಯವರು ಬಂದರೆ ಹಿಂದೆಯೇ ತೆರಿಗೆಯವರು ಬರುತ್ತಾರೆ ಎಂಬ ಮಾತು ಗಂಜ್‌ನಿಂದ ಹುಮನಾಬಾದ್‌ವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಕಂಪನಿಗಳಿಂದ ಮಾಹಿತಿ ಕೇಳುವುದು 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯಡಿ. ಆ ಕಾಯ್ದೆಯಂತೆ ಉತ್ತರ ಕೊಡುವುದು ಎಷ್ಟು ಕಡ್ಡಾಯವೋ, ಒಂದು ಉದ್ಯಮದ ಉತ್ತರವನ್ನು ಗುರುತು ಸಿಗುವಂತೆ ಬಯಲು ಮಾಡದಿರುವುದೂ ಅಷ್ಟೇ ಕಡ್ಡಾಯ. ಮಾಹಿತಿಯ ಬಳಕೆ ಅಂಕಿಅಂಶದ ಉದ್ದೇಶಕ್ಕೆ ಮಾತ್ರ. ಬಂದವರ ಗುರುತಿನ ಚೀಟಿ ಕೇಳಿ ನೋಡಿ, ಅದು ನಿಮ್ಮ ಹಕ್ಕು. ಒಟಿಪಿ, ಬ್ಯಾಂಕ್ ಪಾಸ್‌ವರ್ಡ್, ಶುಲ್ಕ ಕೇಳಿದರೆ ಅವರು ಸಮೀಕ್ಷೆಯವರಲ್ಲ, ಬಾಗಿಲು ತೋರಿಸಿ.

ಕೊನೆಗೆ ನನ್ನ ತಕರಾರು. ಕಂಪನಿಯ ಲೆಕ್ಕವನ್ನು ರಾಜ್ಯ ಮಟ್ಟದಲ್ಲಿ ಒಟ್ಟಾಗಿ ಕೇಳಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಶಾಖೆಗಳದ್ದೊಂದು ಸಣ್ಣ ಕೋಷ್ಟಕ ಇರಲಿ: ಪಿನ್‌ಕೋಡ್, ಕೆಲಸಗಾರರ ಸಂಖ್ಯೆ, ವರ್ಷಕ್ಕೆ ಕೊಟ್ಟ ಸಂಬಳ. ಮೂರೇ ಕಲಂ. ಪ್ರಶ್ನೆ ಹೆಚ್ಚಾದರೆ ಉತ್ತರಿಸುವವರು ಕಡಿಮೆಯಾಗುತ್ತಾರೆ ಎಂದು ಅಧಿಕಾರಿಗಳು ಆಕ್ಷೇಪಿಸಬಹುದು. 74ನೇ ಸುತ್ತಿನ ಅನುಭವ ಇರುವವರಿಗೆ ಆ ಅಳುಕು ಸಹಜ. ಆದರೆ ಶಾಖೆಯ ಲಾಭ ನಷ್ಟವನ್ನು ಬೇರ್ಪಡಿಸುವುದು ಕಷ್ಟವಿರಬಹುದೇ ಹೊರತು ಸಂಬಳದ ಪಟ್ಟಿ ಕಷ್ಟವಲ್ಲ. ಸೇಡಂ ರಸ್ತೆಯ ಮಳಿಗೆಯಲ್ಲಿ ಎಷ್ಟು ಜನರಿದ್ದಾರೆ, ಅವರಿಗೆ ಎಷ್ಟು ಕೊಡುತ್ತೇವೆ ಎಂದು ತಿಳಿಯದ ಕಂಪನಿ ಇರಲಾರದು. ಆ ಸಂಬಳದ ಅನುಪಾತವೊಂದು ಸಿಕ್ಕರೂ ಜಿಲ್ಲೆಗಳಿಗೆ ಹಂಚುವ ಲೆಕ್ಕ ಈಗಿನದಕ್ಕಿಂತ ಎಷ್ಟೋ ಗಟ್ಟಿಯಾಗುತ್ತದೆ.

ಸಚಿವಾಲಯ ತನ್ನ ಹಲವು ಸಮೀಕ್ಷೆಗಳ ಕರಡನ್ನು ಪ್ರಕಟಿಸಿ ಅಭಿಪ್ರಾಯ ಕೇಳುವುದುಂಟು. ವರ್ಷಕ್ಕೊಮ್ಮೆ ನಡೆಯುವ ಸಮೀಕ್ಷೆಯಾದ್ದರಿಂದ ಪ್ರಶ್ನಾವಳಿ ತಿದ್ದಲು ಅವಕಾಶಗಳೂ ಬರುತ್ತಲೇ ಇರುತ್ತವೆ. ಕಲಬುರಗಿ, ಬೀದರ್, ಯಾದಗಿರಿಯ ವಾಣಿಜ್ಯೋದ್ಯಮ ಸಂಘಗಳು, ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳು, ಲೆಕ್ಕಪರಿಶೋಧಕರು ಈ ಮೂರು ಕಲಂಗಳ ಬೇಡಿಕೆಯನ್ನು ಒಂದು ಪುಟದಲ್ಲಿ ಬರೆದು ಕಳುಹಿಸಬಹುದು. ನಿಮ್ಮ ಅಂಗಡಿಗೋ ಕಂಪನಿಗೋ ಸಮೀಕ್ಷೆಯವರು ಈಗಾಗಲೇ ಬಂದಿದ್ದರೆ ಯಾವ ಪ್ರಶ್ನೆ ಉತ್ತರಿಸಲು ಕಷ್ಟವಾಯಿತು ಎಂದು ತಿಳಿಸಿ. ಮುಂದಿನ ವಿಡಿಯೋದಲ್ಲಿ ಜಿಲ್ಲಾ ಆದಾಯವನ್ನು ಅಂದಾಜಿಸುವ ವಿಧಾನವನ್ನೇ ಬಿಡಿಸಿ ನೋಡುತ್ತೇವೆ.