ಕ್ರಾನ್ ಕಡತಕ್ಕೆ ಯಾವ ಜಾಗ?

ಎಲ್ಲರಿಗೂ ನಮಸ್ಕಾರ.

ರಾತ್ರಿ ಎರಡು ಗಂಟೆಗೆ ಡೇಟಾಬೇಸ್ ಬ್ಯಾಕಪ್ ಆಗಬೇಕು ಎಂದಿಟ್ಟುಕೊಳ್ಳಿ. ಯುನಿಕ್ಸ್ ಕುಟುಂಬದ ಯಂತ್ರಗಳಲ್ಲಿ ಅದನ್ನು ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಮಿಗೆ, ವಹಿಸುತ್ತೇವೆ. ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರದ ದಿನ ಎಂದು ಐದು ಅಂಕಣ ತುಂಬುವುದನ್ನು ಕಲಿಸುವ ಪಾಠಗಳಿಗೆ ಬರವಿಲ್ಲ. ಆ ಸಾಲನ್ನು ಯಾವ ಕಡತದಲ್ಲಿ ಬರೆಯಬೇಕು ಎಂಬಲ್ಲಿಗೆ ಬಂದಾಗ ಹೆಚ್ಚಿನವರು ಮೊದಲು ನೆನಪಾದ ಆಜ್ಞೆಯನ್ನು ಒತ್ತಿ ಮುಂದೆ ಹೋಗುತ್ತಾರೆ. ಇಂದು ನಾನು ಮಾತನಾಡುವುದು ಅದರ ಬಗ್ಗೆ ಮಾತ್ರ.

1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಈ ಗೊಂದಲವೇ ಇರಲಿಲ್ಲ. ಇಡೀ ಯಂತ್ರಕ್ಕೆ ಒಂದೇ ಕ್ರಾನ್‌ಟ್ಯಾಬ್, ಅಂದರೆ ಕ್ರಾನ್‌ನ ಕೆಲಸಗಳ ಪಟ್ಟಿಯಿರುವ ಕಡತ. ಅದರ ಯಜಮಾನ ರೂಟ್, ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆ. ಪ್ರತಿ ಬಳಕೆದಾರನಿಗೂ ಸ್ವಂತ ಕ್ರಾನ್‌ಟ್ಯಾಬ್ ಸಿಕ್ಕಿದ್ದು ಆಮೇಲೆ. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್‌ನ ವಂಶಸ್ಥರೇ ಇಂದಿಗೂ ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಓಡುತ್ತಿದ್ದಾರೆ.

ನೀವು ‘ಕ್ರಾನ್‌ಟ್ಯಾಬ್ -ಇ’ ಎಂಬ ತಿದ್ದುವ ಆಜ್ಞೆ ಕೊಟ್ಟು ಬರೆದದ್ದು ಡೆಬಿಯನ್ ಲಿನಕ್ಸ್‌ನಲ್ಲಿ /ವಾರ್/ಸ್ಪೂಲ್/ಕ್ರಾನ್/ಕ್ರಾನ್‌ಟ್ಯಾಬ್ಸ್ ಒಳಗೆ, ನಿಮ್ಮ ಬಳಕೆದಾರ ಹೆಸರಿನ ಕಡತವಾಗಿ ಕೂರುತ್ತದೆ. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಅದೇ ಕಡತ ಒಂದು ಮೆಟ್ಟಿಲು ಮೇಲೆ, /ವಾರ್/ಸ್ಪೂಲ್/ಕ್ರಾನ್‌ನಲ್ಲೇ ಇರುತ್ತದೆ. ಯುನಿಕ್ಸ್ ಕುಟುಂಬದ್ದೇ ಆದ ಫ್ರೀಬಿಎಸ್‌ಡಿಯಲ್ಲಿ /ವಾರ್/ಕ್ರಾನ್/ಟ್ಯಾಬ್ಸ್. ಈ ಜಾಗಗಳನ್ನು ತಿಳಿದಿರಿ, ಆದರೆ ಅಲ್ಲಿಗೆ ನೇರವಾಗಿ ಕೈ ಹಾಕಬೇಡಿ. ಕ್ರಾನ್‌ಟ್ಯಾಬ್ ಆಜ್ಞೆ ನಿಮ್ಮ ಸಾಲಿನ ವ್ಯಾಕರಣವನ್ನು ಪರೀಕ್ಷಿಸುತ್ತದೆ, ಜೊತೆಗೆ ಆ ಡೈರೆಕ್ಟರಿಯ ಕೊನೆಯ ಬದಲಾವಣೆಯ ಸಮಯವನ್ನೂ ಬದಲಿಸುತ್ತದೆ. ಕ್ರಾನ್ ನಿಮಿಷಕ್ಕೊಮ್ಮೆ ನೋಡುವುದು ಆ ಸಮಯವನ್ನೇ. ನೇರವಾಗಿ ತಿದ್ದಿದರೆ ನಿಮ್ಮ ಬದಲಾವಣೆ ಅದರ ಗಮನಕ್ಕೆ ಬಾರದೆಯೂ ಹೋಗಬಹುದು.

ಈಗ ನನ್ನ ಮುಖ್ಯ ತಕರಾರು. ಕಚೇರಿಯ ಕೆಲಸವನ್ನು ವ್ಯಕ್ತಿಯ ಕ್ರಾನ್‌ಟ್ಯಾಬ್‌ನಲ್ಲಿ ಇಡಬಾರದು. ಆ ವ್ಯಕ್ತಿ ಕೆಲಸ ಬಿಟ್ಟ ದಿನ ಅವರ ಖಾತೆಯನ್ನು ಅಳಿಸುತ್ತೀರಿ. ಕ್ರಾನ್‌ಟ್ಯಾಬ್ ಖಾತೆಯ ಜೊತೆಗೇ ಹೋಗುತ್ತದೆ, ಇಲ್ಲವೇ ಅನಾಥವಾಗಿ ಉಳಿಯುತ್ತದೆ. ಎರಡರಲ್ಲೂ ಬ್ಯಾಕಪ್ ನಿಲ್ಲುತ್ತದೆ. ಅಲ್ಲದೆ ವ್ಯವಸ್ಥೆಯ ಸಂರಚನೆ ಎಂದು ನಾವು ಪ್ರತಿ ತೆಗೆದಿಡುವುದು ಸಾಮಾನ್ಯವಾಗಿ ಸಂರಚನಾ ಕಡತಗಳಿರುವ /ಇಟಿಸಿ ಡೈರೆಕ್ಟರಿಯನ್ನು. ಕ್ರಾನ್‌ಟ್ಯಾಬ್‌ಗಳಿರುವ ಸ್ಪೂಲ್ ಯಾರಿಗೂ ನೆನಪಾಗುವುದಿಲ್ಲ.

ಇಂಥ ಕೆಲಸಕ್ಕೆ /ಇಟಿಸಿ/ಕ್ರಾನ್.ಡಿ ಸರಿಯಾದ ಜಾಗ. ಒಂದು ಕೆಲಸಕ್ಕೆ ಒಂದು ಕಡತ, ನೋಡಿದೊಡನೆ ತಿಳಿಯುವ ಹೆಸರು. /ಇಟಿಸಿ/ಕ್ರಾನ್‌ಟ್ಯಾಬ್ ಎಂಬ ಒಂದೇ ಕಡತಕ್ಕೆ ಎಲ್ಲವನ್ನೂ ತುರುಕುವುದಕ್ಕಿಂತ ಇದು ಎಷ್ಟೋ ಮೇಲು. ಎರಡರಲ್ಲೂ ಐದು ಅಂಕಣಗಳ ನಂತರ ಆರನೆಯದಾಗಿ ಬಳಕೆದಾರನ ಹೆಸರು ಇರಲೇಬೇಕು. ಅದನ್ನು ಮರೆತರೆ ಕ್ರಾನ್ ನಿಮ್ಮ ಆಜ್ಞೆಯ ಮೊದಲ ಪದವನ್ನೇ ಬಳಕೆದಾರನೆಂದು ಓದುತ್ತದೆ. ಕಡತ ರೂಟ್‌ನ ಒಡೆತನದಲ್ಲಿರಲಿ, ಬೇರೆಯವರಿಗೆ ಬರೆಯುವ ಹಕ್ಕು ಬೇಡ. ಕೊನೆಯ ಸಾಲಿನ ನಂತರ ಎಂಟರ್ ಒತ್ತುವುದನ್ನೂ ಮರೆಯಬೇಡಿ.

ಹೆಚ್ಚು ಜನ ಎಡವುವುದು ಹೆಸರಿನಲ್ಲಿ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಕ್ರಾನ್.ಡಿ ಒಳಗಿನ ಕಡತದ ಹೆಸರಿನಲ್ಲಿ ಚುಕ್ಕೆ ಇದ್ದರೆ ಕ್ರಾನ್ ಅದನ್ನು ಓದುವುದೇ ಇಲ್ಲ. ದೋಷ ಸಂದೇಶವೂ ಇಲ್ಲ, ಕೆಲಸವೂ ಇಲ್ಲ. ಪ್ಯಾಕೇಜ್ ನವೀಕರಣವಾದಾಗ ಉಳಿಯುವ ಹಳೆಯ ಪ್ರತಿಗಳು ಚುಕ್ಕೆಯ ಬಾಲ ಹೊತ್ತಿರುತ್ತವೆ. ಅವು ಓಡಬಾರದೆಂದೇ ಈ ನಿಯಮ. ದಿನಕ್ಕೊಮ್ಮೆ ಓಡಬೇಕಾದ ಸ್ಕ್ರಿಪ್ಟ್‌ಗಳನ್ನಿಡುವ ಕ್ರಾನ್.ಡೈಲಿಗೂ ಇದು ಅನ್ವಯಿಸುತ್ತದೆ: ‘ಬ್ಯಾಕಪ್.ಎಸ್‌ಎಚ್’ ಎಂದು ಹೆಸರಿಟ್ಟ ಸ್ಕ್ರಿಪ್ಟ್ ಅಲ್ಲಿ ಎಂದಿಗೂ ಏಳುವುದಿಲ್ಲ. ಅದೇ ಸ್ಕ್ರಿಪ್ಟ್ ರೆಡ್ ಹ್ಯಾಟ್‌ನಲ್ಲಿ ಸಲೀಸಾಗಿ ಓಡುತ್ತದೆ. ಹೀಗಾಗಿ ಒಂದು ಕಡೆ ಪರೀಕ್ಷಿಸಿ ಇನ್ನೊಂದು ಕಡೆ ಇಟ್ಟವರಿಗೆ ಕಾರಣ ಹೊಳೆಯುವುದಿಲ್ಲ. ಹೆಸರಿನಿಂದ ಚುಕ್ಕೆ ತೆಗೆಯಿರಿ, ಎರಡೂ ಕಡೆ ನಡೆಯುತ್ತದೆ.

ಕ್ರಾನ್ ಬದಲು ಲಿನಕ್ಸ್‌ನ ಸೇವಾ ನಿರ್ವಾಹಕವಾದ ಸಿಸ್ಟಂಡಿಯ ಟೈಮರ್ ಬಳಸುವವರಿಗೆ ಎರಡೇ ಮಾತು. ನೀವು ಬರೆದ ಟೈಮರ್ ಮತ್ತು ಸರ್ವಿಸ್ ಕಡತಗಳು /ಇಟಿಸಿ/ಸಿಸ್ಟಂಡಿ/ಸಿಸ್ಟಂನಲ್ಲಿ ಇರಲಿ. /ಯುಎಸ್‌ಆರ್/ಲಿಬ್ ಕೆಳಗಿನ ಅದೇ ಹೆಸರಿನ ಡೈರೆಕ್ಟರಿ ಪ್ಯಾಕೇಜುಗಳಿಗೆ ಸೇರಿದ್ದು. ಅಲ್ಲಿ ತಿದ್ದಿದ್ದನ್ನು ಮುಂದಿನ ನವೀಕರಣ ಒರೆಸಿಹಾಕುತ್ತದೆ.

ಯಾವ ಜಾಗ ಆರಿಸಿದರೂ ಮೂಲ ಪ್ರತಿ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿರಲಿ. ಸರ್ವರ್‌ನಲ್ಲಿರುವುದು ಅದರ ನಕಲು ಮಾತ್ರ ಎಂದು ಭಾವಿಸಿ. ವೈಯಕ್ತಿಕ ಕ್ರಾನ್‌ಟ್ಯಾಬ್‌ಗೂ ಇದು ಬೇಕು. ಕೀಲಿಮಣೆಯಲ್ಲಿ ಇ ಮತ್ತು ಆರ್ ಅಕ್ಕಪಕ್ಕದಲ್ಲಿವೆ. ‘-ಇ’ ಬದಲು ‘-ಆರ್’ ಒತ್ತಿದರೆ ಇಡೀ ಕ್ರಾನ್‌ಟ್ಯಾಬ್ ಅಳಿಸಿಹೋಗುತ್ತದೆ. ‘-ಐ’ ಕೂಡ ಸೇರಿಸಿರದಿದ್ದರೆ ಖಚಿತವೇ ಎಂದು ಕೇಳುವುದೂ ಇಲ್ಲ. ಮೂಲ ಪ್ರತಿ ಇದ್ದವರು ಕ್ರಾನ್‌ಟ್ಯಾಬ್ ಎಂದು ಬರೆದು ಮುಂದೆ ಕಡತದ ಹೆಸರು ಕೊಟ್ಟರೆ ಎಲ್ಲವೂ ವಾಪಸ್ಸು ಬರುತ್ತದೆ. ಇಲ್ಲದವರು ಹಳೆಯ ಲಾಗ್ ತೆರೆದು, ಯಾವ ಆಜ್ಞೆ ಎಷ್ಟು ಹೊತ್ತಿಗೆ ಓಡಿತ್ತು ಎಂದು ಒಂದೊಂದಾಗಿ ಹೆಕ್ಕಿ ತೆಗೆಯಬೇಕು.