ನಾದಿಯಾ ಬೂಲಾಂಜೆ: ಬರೆಯುವುದನ್ನು ಬಿಟ್ಟ ಟೀಚರ್

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಇಗರ್ಜಿಯ ಕೊಯರ್‌ನವರು ಕೂತಿದ್ದೀರಿ. ಹಿಂದೆ ಪಿಟೀಲು, ವೀಣೆ ಕಲಿಯುವ ಮಕ್ಕಳಿದ್ದಾರೆ. ಮಂಗಳೂರಿನಲ್ಲಿ ಇದೊಂದು ಅನುಕೂಲ. ಅದೇ ಪಿಟೀಲು ಕಚೇರಿಗೂ ಆಗುತ್ತದೆ, ಇಗರ್ಜಿಗೂ ಆಗುತ್ತದೆ. ಹಾಗಾಗಿ ಪ್ಯಾರಿಸ್ಸಿನ ಒಬ್ಬ ಸಂಗೀತ ಟೀಚರ್ ಬಗ್ಗೆ ಮಾತಾಡಲು ದೊಡ್ಡ ಪೀಠಿಕೆ ಬೇಡ ಅಂದುಕೊಂಡಿದ್ದೇನೆ.

ಹೆಸರು ನಾದಿಯಾ ಬೂಲಾಂಜೆ. ಹುಟ್ಟಿದ್ದು 1887ರ ಸೆಪ್ಟೆಂಬರ್ 16ರಂದು. ಅಪ್ಪ ಅರ್ನೆಸ್ಟ್ ಕೂಡ ಸಂಗೀತ ರಚನಕಾರರು. ಅವತ್ತು ಅವರದೂ ಹುಟ್ಟುಹಬ್ಬ, 72 ತುಂಬಿತ್ತು! ತಾಯಿ ರಷ್ಯಾದವರು, ಶಿಸ್ತಿಗೆ ಹೆಸರಾದವರು. ಚಿಕ್ಕ ನಾದಿಯಾಗೆ ಸಂಗೀತ ಕೇಳಿದರೆ ಆಗುತ್ತಿರಲಿಲ್ಲವಂತೆ, ಕಿರುಚಿಕೊಳ್ಳುತ್ತಿದ್ದಳಂತೆ. ಒಂದು ದಿನ ಬೀದಿಯಲ್ಲಿ ಬೆಂಕಿ ಆರಿಸುವವರ ಗಂಟೆ ಕೇಳಿಸಿತು. ಹುಡುಗಿ ಪಿಯಾನೊ ಹತ್ತಿರ ಹೋಗಿ ಆ ಸ್ವರ ಎಲ್ಲಿದೆ ಎಂದು ಹುಡುಕತೊಡಗಿದಳು. ಆಮೇಲೆ ತಡೆಯುವವರಿರಲಿಲ್ಲ. 16ನೇ ವಯಸ್ಸಿಗೆ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ಮೊದಲ ಬಹುಮಾನಗಳು. ಅದೇ ವರ್ಷ, 1904ರಲ್ಲಿ, ಮನೆಯಲ್ಲಿ ಪಾಠ ಶುರು.

ಆಗ ಫ್ರಾನ್ಸಿನಲ್ಲಿ ರಚನಕಾರರಿಗೆ ದೊಡ್ಡ ಬಹುಮಾನ ಅಂದರೆ 'ಪ್ರಿ ದ ರೋಮ್'. ಅಪ್ಪ 1835ರಲ್ಲೇ ಗೆದ್ದಿದ್ದರು. 1908ರ ಸುತ್ತಿನಲ್ಲಿ ಕೊಟ್ಟ ವಸ್ತುವಿಗೆ ಹಾಡುವ ಫ್ಯೂಗ್ (ಒಂದೇ ಸ್ವರಗುಚ್ಛವನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಬರೆಯಬೇಕಿತ್ತು. ನಾದಿಯಾ ಅದು ತಂತಿವಾದ್ಯಕ್ಕೇ ಸರಿ ಎಂದು ನಾಲ್ಕು ತಂತಿವಾದ್ಯಗಳ ಮೇಳಕ್ಕೆ ಬರೆದರು. ತೀರ್ಪುಗಾರರಲ್ಲಿ ಒಬ್ಬರಾದ ಹೆಸರಾಂತ ರಚನಕಾರ ಸೇನ್-ಸಾನ್ಸ್ ಸಿಟ್ಟಾದರು. ಪತ್ರಿಕೆಗಳಲ್ಲಿ ಗಲಾಟೆ ಆಯಿತು. ಕೊನೆಗೆ ಸಿಕ್ಕಿದ್ದು ಎರಡನೇ ಬಹುಮಾನ. 1913ರಲ್ಲಿ ಮೊದಲನೆಯದನ್ನು ಗೆದ್ದದ್ದು ತಂಗಿ ಲಿಲಿ. ರಚನೆಯಲ್ಲಿ ಅದನ್ನು ಗೆದ್ದ ಮೊದಲ ಹೆಂಗಸು, ವಯಸ್ಸು 19. ಲಿಲಿಗೆ ಆರೋಗ್ಯ ಮೊದಲಿಂದಲೂ ಕೈಕೊಡುತ್ತಿತ್ತು. 1918ರ ಮಾರ್ಚಿನಲ್ಲಿ, 24ಕ್ಕೇ, ತೀರಿಹೋದಳು.

ಇಲ್ಲಿಂದ ಮುಂದಿನದ್ದನ್ನು ಜನ ಬಹಳ ಸುಲಭದ ಕಥೆ ಮಾಡಿಬಿಟ್ಟಿದ್ದಾರೆ. ತಂಗಿಯ ದುಃಖದಲ್ಲಿ ಅಕ್ಕ ಬರೆಯುವುದನ್ನು ಬಿಟ್ಟಳು, ತ್ಯಾಗ ಮಾಡಿದಳು ಅಂತ. ದುಃಖ ಇತ್ತು, ಜೀವನಪೂರ್ತಿ ಲಿಲಿಯ ಕೃತಿಗಳನ್ನು ಹಾಡಿಸಿದರು, ನುಡಿಸಿದರು. ಆದರೆ ಬಿಟ್ಟದ್ದಕ್ಕೆ ಅವರೇ ಕೊಟ್ಟ ಕಾರಣ ಬೇರೆ. ತಮ್ಮ ಗುರು ಫೋರೆ ಅವರಿಗೆ ಅವರು ಹೇಳಿದ್ದು, ನಾನು ಬರೆದದ್ದು ಪ್ರಯೋಜನವಿಲ್ಲದ ಸಂಗೀತ, ಅದೊಂದು ನನಗೆ ಖಾತ್ರಿ ಅಂತ. ಫೋರೆ ಒಪ್ಪಲಿಲ್ಲ. 1920ರ ದಶಕದ ಮೊದಲಲ್ಲೇ ಅವರ ರಚನೆ ನಿಂತುಹೋಯಿತು. ಇನ್ನೊಬ್ಬರ ಸಂಗೀತವನ್ನು ಅಷ್ಟು ಸರಿಯಾಗಿ ಅಳೆದವರು ತಮ್ಮದನ್ನು ಮಾತ್ರ ತಪ್ಪಾಗಿ ಅಳೆದರು ಎಂಬುದು ನನ್ನ ವಾದ. ಯಾಕೆ ಅಂತ ಹೇಳುತ್ತೇನೆ.

1921ರಲ್ಲಿ ಪ್ಯಾರಿಸ್ ಹತ್ತಿರದ ಫೋಂಟೆನ್‌ಬ್ಲೋದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗಾಗಿ ಸಂಗೀತ ಶಾಲೆ ತೆರೆಯಿತು, ನಾದಿಯಾ ಅಲ್ಲಿ ಟೀಚರ್. ಮುಂದೆ ಹೆಸರಾದ ರಚನಕಾರ ಆರನ್ ಕೋಪ್ಲೆಂಡ್ ಅಲ್ಲಿಗೆ ಬಂದ ಮೊದಲಿಗರಲ್ಲಿ ಒಬ್ಬ. ಹೆಂಗಸಿನ ಹತ್ತಿರ ರಚನೆ ಕಲಿಯುವುದೇ ಅಂತ ಅವನಿಗೆ ಮೊದಮೊದಲು ಅನುಮಾನ. ಆಮೇಲೆ ಅವರಿಗಾಗಿಯೇ ಆರ್ಗನ್ ಸಿಂಫನಿ, ಅಂದರೆ ಆರ್ಗನ್ ಮತ್ತು ದೊಡ್ಡ ವಾದ್ಯವೃಂದಕ್ಕೆ ಒಂದು ರಚನೆ, ಬರೆದ. 1925ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅದರಲ್ಲಿ ಆರ್ಗನ್ ನುಡಿಸಿದವರೂ ಇವರೇ. ವಾದ್ಯವೃಂದದ ನಿರ್ದೇಶಕ ಡ್ಯಾಮ್ರಾಶ್ ವೇದಿಕೆಯಿಂದಲೇ ಸಭಿಕರಿಗೆ ಹೇಳಿದರು: 23ನೇ ವಯಸ್ಸಿಗೆ ಇಂಥದ್ದು ಬರೆದವನು ಐದು ವರ್ಷದಲ್ಲಿ ಕೊಲೆ ಮಾಡಲೂ ತಯಾರಾಗುತ್ತಾನೆ!

ಪಾಠ ಹೇಗಿತ್ತು? ಪ್ಯಾರಿಸ್ಸಿನ ರ‍್ಯೂ ಬಲ್ಯು ಎಂಬ ಬೀದಿಯ 36ನೇ ನಂಬರ್ ಮನೆ. ಬುಧವಾರ ಎಲ್ಲರೂ ಸೇರಿ ಹಾಡುವ ಕ್ಲಾಸು. ಶಿಷ್ಯರ ಬಾಯಲ್ಲಿ ಅವರು 'ಮಾದ್‌ಮ್ವಾಜೆಲ್', ಅಂದರೆ ಕುಮಾರಿ. 1964ರಲ್ಲಿ ಅಮೆರಿಕದ ರಚನಕಾರ ಫಿಲಿಪ್ ಗ್ಲಾಸ್ ಬಂದಾಗ ಅವನು ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದು ಮುಗಿಸಿದ್ದವನು. ಅವನ ಪುಟಗಳನ್ನು ಮಗುಚಿ ನೋಡಿ, ಒಂದೇ ಒಂದು ಬಾರ್ (ತಾಳದ ಒಂದು ಸುತ್ತು) ತೋರಿಸಿ, ಇದನ್ನು ನಿಜವಾದ ರಚನಕಾರ ಬರೆದಿದ್ದಾನೆ ಅಂದರು. ಮತ್ತೆ ಮೊದಲಿಂದ ಶುರು. ವರ್ಣ ಹಾಡುವವನನ್ನು ಕೂರಿಸಿ ಪುನಃ ಸರಳೆ ಹೇಳಿಸಿದ ಹಾಗೆ. ನಾಲ್ಕು ಧ್ವನಿಯ ರಚನೆ ಅಂತ ಇಟ್ಟುಕೊಳ್ಳಿ. ಮೂರನ್ನು ಕೈಯಲ್ಲಿ ನುಡಿಸಬೇಕು, ಒಂದನ್ನು ಬಾಯಲ್ಲಿ ಹಾಡಬೇಕು. ಆದ ಮೇಲೆ ಹಾಡಿದ್ದನ್ನು ನುಡಿಸಿ, ನುಡಿಸಿದ್ದರಲ್ಲಿ ಒಂದನ್ನು ಹಾಡಬೇಕು. ಕೊಯರ್‌ನವರು ಮನೆಗೆ ಹೋಗಿ ಮಾಡಿ ನೋಡಿ, ಬೆವರು ಬಿಡಿಸುತ್ತದೆ ಮಾರಾಯ್ರೆ. ಅದೇ ಹೊತ್ತಿಗೆ ಅದೇ ಊರಿನಲ್ಲಿ ಗ್ಲಾಸ್‌ಗೆ ರವಿಶಂಕರ್ ಜೊತೆ ಸಿನಿಮಾ ಕೆಲಸ ಸಿಕ್ಕಿತು. ನಮ್ಮ ತಾಳದ ಲೆಕ್ಕ ಅವನ ತಲೆಗೆ ಹೋದದ್ದು ಅಲ್ಲಿ.

ಇಷ್ಟು ಅಚ್ಚಿಗೆ ಹಾಕಿದರೆ ಎಲ್ಲರೂ ಒಂದೇ ಥರ ಬರೆಯಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. 1954ರಲ್ಲಿ ಅರ್ಜೆಂಟಿನಾದ ಅಸ್ತೋರ್ ಪಿಯಾಜೋಲಾ ರಾಶಿ ರಾಶಿ ಸಿಂಫನಿ ಕಾಗದ ಹೊತ್ತು ಬಂದ. ಚೆನ್ನಾಗಿ ಬರೆದಿದ್ದೀಯ, ಆದರೆ ಇದರಲ್ಲಿ ನೀನೆಲ್ಲಿ ಅಂತ ಕೇಳಿದರು. ಊರಿನಲ್ಲಿ ಏನು ನುಡಿಸುತ್ತೀ ಅಂದರು. ಅವನು ನಾಚಿಕೊಂಡು ಟ್ಯಾಂಗೊ ಅಂದ. ಅವನಿಗೆ ಅದು ರಾತ್ರಿ ಕ್ಲಬ್ಬಿನ ಸಂಗೀತ, ಮರೆಮಾಚುವ ವಿಷಯ. ನುಡಿಸು ಅಂದರು. ಎಂಟು ಬಾರ್ ಆಗುವುದರೊಳಗೆ ತಡೆದು ಹೇಳಿದರು, ಪಿಯಾಜೋಲಾ ಇದೇ, ಇದನ್ನು ಬಿಡಬೇಡ. ಅಮೆರಿಕದ ಜನಪ್ರಿಯ ರಚನಕಾರ ಗರ್ಶ್ವಿನ್ ಬಂದಾಗ ಪಾಠ ಹೇಳಲೇ ಇಲ್ಲ. ಇರುವುದು ಕೆಡಬಾರದು ಅಂತ.

ಅವರಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ರಷ್ಯಾದ ರಚನಕಾರ ಸ್ಟ್ರಾವಿನ್ಸ್ಕಿ ಅಂದರೆ ಜಾಸ್ತಿಯೇ ಭಕ್ತಿ. ಆಧಾರಸ್ವರವನ್ನೇ ಬಿಟ್ಟುಕೊಟ್ಟ ರಚನಕಾರ ಶೋನ್‌ಬರ್ಗ್ ದಾರಿ ಹಿಡಿಸುತ್ತಿರಲಿಲ್ಲ. ಆದರೆ ಧೈರ್ಯ ನೋಡಿ. 1938ರಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದವನ್ನು ನಿರ್ದೇಶಿಸಿದ ಮೊದಲ ಹೆಂಗಸು. ಹೇಗನಿಸುತ್ತದೆ ಅಂತ ಪತ್ರಿಕೆಯವರು ಕೇಳಿದರು. ಹೆಂಗಸಾಗಿ ಐವತ್ತು ವರ್ಷ ದಾಟಿತು, ಆ ಆಶ್ಚರ್ಯವೆಲ್ಲ ಮುಗಿದಿದೆ ಅಂದರು. 92ನೇ ವಯಸ್ಸಿನಲ್ಲಿ, 1979ರ ಅಕ್ಟೋಬರ್ 22ರಂದು ತೀರಿಹೋದರು. ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಪಾಠ ಮಾತ್ರ ನಡೆದೇ ಇತ್ತು.

ಇನ್ನು ನನ್ನ ವಾದಕ್ಕೆ ಸಾಕ್ಷಿ. 1914ರಲ್ಲಿ ಅವರು ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಮತ್ತು ಪಿಯಾನೊಗೆ ಬರೆದ ಮೂರು ತುಣುಕು ಈಗ ಕೇಳಿಸುತ್ತೇನೆ. ಮೂರೂ ಸೇರಿ ಹತ್ತು ನಿಮಿಷ ಆಗುವುದಿಲ್ಲ. ಮೊದಲನೆಯದು ನಿಧಾನ, ಮೂರನೆಯದು ಓಟ. ಪ್ರಯೋಜನವಿಲ್ಲದ್ದು ಅಂತ ಅವರು ತೀರ್ಮಾನಿಸಿದ್ದರಲ್ಲಿ ಇವೂ ಸೇರಿವೆ. ಆ ಫ್ಯಾನ್ ಸ್ವಲ್ಪ ಆಫ್ ಮಾಡಿ, ಸೆಕೆ ತಡೆದುಕೊಳ್ಳೋಣ. ಕೇಳಿ ಆದ ಮೇಲೆ ಜಗಳಕ್ಕೆ ಬನ್ನಿ.